ಯಂತ್ರದ ಮಣೆಗೊಂದು ವಕಾಲತ್ತು

ಕಳೆದ ರಾಜ್ಯೋತ್ಸವದ ದಿನ ಎರ್ನಾಕುಳದಲ್ಲಿ ನಾವೊಂದು ನೂರು ಜನ ಕನ್ನಡಿಗರು ಸೇರಿದ್ದೆವು. ಬಾವುಟ, ನಾಡಗೀತೆ, ಕೇಸರಿಬಾತು ಎಲ್ಲ ಸಾಂಗವಾಗಿ ಮುಗಿಯಿತು. ಕೊನೆಗೆ ಊರಿಂದ ಬಂದಿದ್ದ ಭಾಷಣಕಾರರೊಬ್ಬರು ನಿವೃತ್ತರ ಬದುಕು ಎಂಬ ವಿಷಯ ಹಿಡಿದು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಒಂದು ಮಾತು: “ಈಗಿನ ಮುದುಕರು ಮಕ್ಕಳ ಮನೆಯಲ್ಲಿ ಕೂತು ಯಂತ್ರದ ಜೊತೆ ಚೆಸ್ ಆಡ್ತಾರಂತೆ. ಮನುಷ್ಯರನ್ನು ಕಳಕೊಂಡವರ ಕೊನೆಯ ಆಟ ಅದು.” ಜೋರು ಚಪ್ಪಾಳೆ ಬಿತ್ತು. ನನ್ನ ಸೊಸೆ ನನ್ನ ಕಡೆ ತಿರುಗಿ ನೋಡಿದಳು. ನಾನು ಆಮಂತ್ರಣ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡುತ್ತಾ ಕೂತೆ. 38 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಬೈಸಿಕೊಂಡು ಸುಮ್ಮನಿದ್ದ ಅಭ್ಯಾಸ ನೋಡಿ, ಸಭೆಯಲ್ಲಿ ಬಾಯಿ ಬರಲಿಲ್ಲ. ಆದರೆ ಈಗ ನನಗೆ ಮೇಲಧಿಕಾರಿ ಇಲ್ಲ, ಕೈಯಲ್ಲಿ ಪೆನ್ನಿದೆ. ಉತ್ತರ ಕೊಡುತ್ತೇನೆ.

ಮೊದಲು ನಾನಿರುವ ಜಾಗ ಹೇಳಿಬಿಡುತ್ತೇನೆ. ಕೊಚ್ಚಿಯಿಂದ ತ್ರಿಪ್ಪುಣಿತ್ತುರ ದಾಟಿ ಪೂರ್ವಕ್ಕೆ ಬಂದರೆ ಅಂಬಲಮುಗಳ್. 1966ರಲ್ಲಿ ಶುರುವಾದ ತೈಲ ಶುದ್ಧೀಕರಣ ಕಾರ್ಖಾನೆ, ಪಕ್ಕದಲ್ಲೇ ಗೊಬ್ಬರದ ಕಾರ್ಖಾನೆ, ರಾಸಾಯನಿಕದ ಕಾರ್ಖಾನೆ. ರಾತ್ರಿ ಕಿಟಕಿ ತೆರೆದರೆ ಚಿಮಣಿಯ ತುದಿಯ ಬೆಂಕಿ ಕಾಣುತ್ತದೆ. ಹತ್ತಿರದಲ್ಲೇ ಚೋಟ್ಟಾನಿಕ್ಕರದ ಭಗವತಿ. ಬೆಳಗಿನ ಹೊತ್ತು ಆಕೆ ನಮ್ಮ ಕೊಲ್ಲೂರಿನ ಮೂಕಾಂಬಿಕೆಯೇ ಎಂದು ಇಲ್ಲಿಯವರ ನಂಬಿಕೆ. ಸಾಗರ ಸೀಮೆಯವನಾದ ನನಗೆ ಈ ಊರಿನ ಜೊತೆ ಇದ್ದ ಹಳೇ ನೆಂಟಸ್ತಿಕೆ ಅಷ್ಟೇ. ಹೆಂಡತಿ ತೀರಿಕೊಂಡ ಮೇಲೆ, 2023ರಲ್ಲಿ, ಮಗ ಬಂದು ಸಾಗರದ ಮನೆಗೆ ಬೀಗ ಹಾಕಿಸಿ ಕರೆತಂದ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮೊಮ್ಮಗ ಶಾಲೆಯಿಂದ ನಾಲ್ಕಕ್ಕೆ ಬರುತ್ತಾನೆ. ನಡುವಿನ ಹೊತ್ತು ನನ್ನದು, ಮತ್ತು ಮಳೆಯದು.

ಆ ಹೊತ್ತಿಗೆಂದು ಮಗ 22 ಸಾವಿರ ರೂಪಾಯಿ ಕೊಟ್ಟು ಒಂದು ಎಲೆಕ್ಟ್ರಾನಿಕ್ ಚೆಸ್ ಮಣೆ ತಂದುಕೊಟ್ಟ. ನೋಡಲಿಕ್ಕೆ ಮಾಮೂಲಿ ಮರದ ಮಣೆ. ಆದರೆ 64 ಮನೆಗಳ ಅಡಿಯಲ್ಲೂ ಸಣ್ಣ ಸ್ವಿಚ್ಚು, ಪ್ರತಿ ಕಾಯಿಯ ಬುಡದಲ್ಲಿ ಒಂದು ಅಯಸ್ಕಾಂತ. ಕಾಯಿ ಎತ್ತಿದ್ದು, ಇಟ್ಟದ್ದು ಎರಡೂ ಮಣೆಗೆ ಗೊತ್ತಾಗುತ್ತದೆ. ಯಂತ್ರ ತನ್ನ ನಡೆಯನ್ನು ಎರಡು ಪುಟ್ಟ ಕೆಂಪು ದೀಪಗಳಿಂದ ತೋರಿಸುತ್ತದೆ, ಇಲ್ಲಿಂದ ಅಲ್ಲಿಗೆ ಎಂದು. ಅದರ ಕಾಯಿಯನ್ನೂ ನಾನೇ ಎತ್ತಿ ಇಡಬೇಕು. ಶತ್ರುವಿನ ಕೈಕೆಲಸವನ್ನೂ ನಾವೇ ಮಾಡಿಕೊಡುವುದು ಮೊದಮೊದಲು ವಿಚಿತ್ರ ಅನ್ನಿಸಿತು, ಆಮೇಲೆ ರೂಢಿಯಾಯಿತು. ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಮನೆಯಲ್ಲಿ ಆಡುವ ಚೆಸ್ ಯಂತ್ರವನ್ನು ಅಮೆರಿಕದ ಫಿಡೆಲಿಟಿ ಕಂಪನಿ 1977ರಲ್ಲೇ ಮಾರುಕಟ್ಟೆಗೆ ಬಿಟ್ಟಿತ್ತು. ಇಪ್ಪತ್ತು ವರ್ಷ ಕಳೆದು 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರು ವಿಶ್ವ ಚಾಂಪಿಯನ್ ಕಾಸ್ಪರೋವನನ್ನೇ ಮೂರೂವರೆಗೆ ಎರಡೂವರೆ ಅಂಕದಿಂದ ಸೋಲಿಸಿತು. ಆ ಸುದ್ದಿ ಬಂದ ದಿನ ನಮ್ಮ ಶಾಖೆಯಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಇನ್ನು ಚೆಸ್ ಸತ್ತಿತು ಎಂದವರೇ ಹೆಚ್ಚು. ಸತ್ತಿತೇ? 2024ರ ಡಿಸೆಂಬರಿನಲ್ಲಿ ನಮ್ಮ ಗುಕೇಶ್ 18ನೇ ವಯಸ್ಸಿಗೆ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ಮೀನು ಮಾರುವವನೂ ನನ್ನನ್ನು ನಿಲ್ಲಿಸಿ ಅದರ ಬಗ್ಗೆ ಕೇಳಿದ.

ಈಗ ಭಾಷಣಕಾರರ ಆಪಾದನೆಗೆ ಬರೋಣ. ಎದುರಿಗೆ ಮನುಷ್ಯ ಕೂತಿಲ್ಲ, ಆದ್ದರಿಂದ ಮನುಷ್ಯ ಸಂಬಂಧ ಹೋಯಿತು. ಇದು ಅವರ ವಾದ.

ಸ್ವಾಮಿ, ನಾನು ಬ್ಯಾಂಕಿಗೆ ಸೇರಿದ್ದು 1983ರಲ್ಲಿ. ಬಳ್ಳಾರಿ, ಸೊಲ್ಲಾಪುರ, ಭೋಪಾಲ, ಹೀಗೆ ಮೂರು ಮೂರು ವರ್ಷಕ್ಕೆ ಪೆಟ್ಟಿಗೆ ಕಟ್ಟಿದವನು. ಊರಿನಲ್ಲಿ ನನಗೊಬ್ಬ ಚೆಸ್ ಗೆಳೆಯ, ಅಡಿಕೆ ತೋಟದವನು. ಊರು ಬಿಟ್ಟ ಮೇಲೆ ನಾವು ಕಾರ್ಡಿನಲ್ಲಿ ಆಡಿದೆವು. ಹದಿನೈದು ಪೈಸೆಯ ಪೋಸ್ಟ್ ಕಾರ್ಡಿನಲ್ಲಿ ಅವನ ಒಂದು ನಡೆ, ಮಳೆ ಬೆಳೆ ಸಮಾಚಾರ, ಯಾರಿಗೆ ಮಗು ಆಯಿತು, ಯಾರು ಹೋದರು. ನಾನು ಉತ್ತರ ಬರೆದು ಮತ್ತೆ ಅವನ ಕಾರ್ಡು ಬರಲು ಎರಡು ವಾರ. ನಲವತ್ತು ನಡೆಯ ಒಂದು ಆಟಕ್ಕೆ ಒಂದೂವರೆ ವರ್ಷ ಹಿಡಿಯುತ್ತಿತ್ತು. ಭೋಪಾಲದ ಕೋಣೆಯಲ್ಲಿ ನನ್ನ ಎದುರಿಗೆ ಯಾರು ಕೂತಿದ್ದರು? ಒಂದು ಮಣೆ, ಒಂದು ಕಾರ್ಡು, ಒಂದು ಸ್ಟವ್. ಅಂದು ಯಾವ ಭಾಷಣಕಾರರೂ ನನ್ನನ್ನು ಮನುಷ್ಯರನ್ನು ಕಳಕೊಂಡವನು ಅನ್ನಲಿಲ್ಲ. ಅಂಚೆ ಇಲಾಖೆಯ ಮೂಲಕ ಬಂದ ನಡೆಗೆ ಮನುಷ್ಯತ್ವ ಇದೆ, ತಂತಿಯ ಮೂಲಕ ಬಂದರೆ ಇಲ್ಲವೇ?

ಇನ್ನೂ ಕೇಳಿ. ಆ ಗೆಳೆಯನಿಗೆ ಈಗ ಕಿವಿ ಪೂರ್ತಿ ಕೇಳುವುದಿಲ್ಲ. ಫೋನು ಮಾಡಿದರೆ “ಯಾರು? ಎಂತ?” ಅನ್ನುವುದರಲ್ಲೇ ಹತ್ತು ನಿಮಿಷ ಹೋಗಿ ಇಬ್ಬರಿಗೂ ಬೇಜಾರು. ಅವನ ಮೊಮ್ಮಗಳು ಅವನ ಮೊಬೈಲಿನಲ್ಲಿ ಲಿಚೆಸ್ ಹಾಕಿಕೊಟ್ಟಳು. ಅದು ಬಿಟ್ಟಿ, ಜಾಹೀರಾತೂ ಇಲ್ಲ. ಅವನು ಸಾಗರದ ಜಗಲಿಯಲ್ಲಿ ಕೂತು ಕುದುರೆ ಎತ್ತಿಟ್ಟರೆ ಇಲ್ಲಿ ಅಂಬಲಮುಗಳಿನಲ್ಲಿ ನನ್ನ ಮಣೆಯ ಮೇಲೆ ಎರಡು ದೀಪ ಹತ್ತುತ್ತವೆ. ಅವನು ತಡ ಮಾಡಿದರೆ ಯೋಚನೆಯಲ್ಲಿದ್ದಾನೆ ಅಂತ ಗೊತ್ತು. ಬಡಬಡನೆ ಆಡಿದರೆ ಊಟಕ್ಕೆ ಕರೆದಿದ್ದಾರೆ ಅಂತ ಗೊತ್ತು. ಐವತ್ತು ವರ್ಷದ ಸ್ನೇಹ ಇವತ್ತು ಉಸಿರಾಡುತ್ತಿರುವುದು ಆ ದೀಪದಲ್ಲಿ. ಇದನ್ನು ಕಳಕೊಂಡವರ ಆಟ ಎನ್ನುವವರು ಕಿವುಡಾದ ಸ್ನೇಹಿತನ ಜೊತೆ ಮಾತಾಡಲು ಬೇರೆ ದಾರಿ ಇದ್ದರೆ ತೋರಿಸಲಿ.

ಎರಡನೆಯ ಗುಂಪಿನವರು ಪ್ರಾಯದವರು. ಅವರ ವಾದ ಲೆಕ್ಕದ್ದು. “ಅಂಕಲ್, ಮೊಬೈಲಿನಲ್ಲೇ ಎಲ್ಲ ಇದೆಯಲ್ಲ, 22 ಸಾವಿರ ದಂಡ ಯಾಕೆ?” ಎಂ.ಕಾಂ. ಮಾಡಿದವನಿಗೆ ಲೆಕ್ಕ ಹೇಳಲಿಕ್ಕೆ ಬರಬೇಡಿ. ಬಿಟ್ಟಿ ಸಿಗುತ್ತದೆ ಎಂಬುದು ನಿಜ. ಜಗತ್ತಿನ ಯಾವ ಆಟಗಾರನನ್ನೂ ಸೋಲಿಸಬಲ್ಲ ಸ್ಟಾಕ್‌ಫಿಶ್ ಕೂಡ ಬಿಟ್ಟಿಯೇ. ಆದರೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆದವನು ಅಂಗೈ ಅಗಲದ ಗಾಜಿನಲ್ಲಿ ಒಂಟೆ ಯಾವುದು ಕಾಲಾಳು ಯಾವುದು ಎಂದು ಹುಡುಕುತ್ತಾ ಕೂರಬೇಕೇ? ಇದು ಮುದುಕರ ಕಥೆ ಮಾತ್ರವಲ್ಲ. ಪಂದ್ಯಾವಳಿಗೆ ಹೋಗಿ ನೋಡಿ. ಅಲ್ಲಿ ಇರುವುದು ಮರದ ಅಥವಾ ಪ್ಲಾಸ್ಟಿಕ್ಕಿನ ಕಾಯಿ, ಪಕ್ಕದಲ್ಲಿ ಗಡಿಯಾರ, ನಡೆ ಬರೆಯುವ ಹಾಳೆ. ಬರೇ ಮೊಬೈಲಿನಲ್ಲಿ ಕಲಿತ ಹುಡುಗರಿಗೆ ಚಪ್ಪಟೆ ಚಿತ್ರ ಅಭ್ಯಾಸ. ಎದ್ದು ನಿಂತ ಕಾಯಿಗಳ ಹಿಂದೆ ಅಡಗಿದ ಆನೆ ಅವರ ಕಣ್ಣಿಗೇ ಬೀಳುವುದಿಲ್ಲ. ಗಡಿಯಾರ ಒತ್ತಲು ಮರೆಯುತ್ತಾರೆ. ಮನೆಯಲ್ಲಿ ಎದುರಾಳಿ ಇಲ್ಲದ ಮಗುವಿಗೆ ನಿಜವಾದ ಕಾಯಿ ಮುಟ್ಟಿ ಅಭ್ಯಾಸ ಮಾಡಲು ಈ ಮಣೆಗಿಂತ ಒಳ್ಳೆಯ ಉಪಾಯ ನನಗಂತೂ ಕಾಣುವುದಿಲ್ಲ.

ಇಷ್ಟು ಹೊಗಳಿದೆ ಅಂತ ಮಣೆ ಮಾರುವವರು ಹಿಗ್ಗುವುದು ಬೇಡ. ನನ್ನ ನಿಜವಾದ ಜಗಳ ಇರುವುದು ಅವರ ಜೊತೆ.

ಒಂದನೆಯ ತಕರಾರು. ನನ್ನ ಮಣೆಗೆ ಒಂದು ಮೊಬೈಲ್ ಆ್ಯಪ್ ಬೇಕು. ಕೊಂಡು ಒಂದೂವರೆ ವರ್ಷಕ್ಕೆ ಮೊಬೈಲು ಹೊಸದಾಯಿತು, ಆ್ಯಪ್ ತೆರೆಯಲಿಲ್ಲ. ಕಂಪನಿಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಈ ಮಾದರಿಗೆ ಬೆಂಬಲ ನಿಲ್ಲಿಸಲಾಗಿದೆ. ಅಲ್ಲಿಗೆ 22 ಸಾವಿರದ ಯಂತ್ರ ತರಕಾರಿ ಹೆಚ್ಚುವ ಮಣೆಯ ದರ್ಜೆಗೆ ಇಳಿಯಿತು. ಎರಡು ತಿಂಗಳು ಸಾಗರದಿಂದ ಯಾವ ದೀಪವೂ ಹತ್ತಲಿಲ್ಲ. ಗೆಳೆಯ ನನಗೇನೋ ಆಯಿತೆಂದು ಮಗನಿಂದ ಫೋನು ಮಾಡಿಸಿದ. ಕೊನೆಗೆ ನನ್ನ ಮಗನೇ ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿದ್ದ ಇನ್ನೊಂದು ಪ್ರೋಗ್ರಾಂ ಹುಡುಕಿ ಮಣೆಗೆ ಜೀವ ಬರಿಸಿದ. ನಾನು ಕೇಳುವುದು ಇಷ್ಟೇ. ನಮ್ಮಲ್ಲಿ ಸಾಲಗಾರ ಆಸ್ತಿ ಅಡವಿಡುವಾಗ ಅದರ ಒಡೆತನ ಯಾರದ್ದು ಎಂದು ನಾವು ಹತ್ತು ಕಾಗದ ನೋಡುತ್ತೇವೆ. ಇಲ್ಲಿ ದುಡ್ಡು ಪೂರ್ತಿ ಕೊಟ್ಟವನು ನಾನು, ಆದರೆ ಕೀಲಿಕೈ ಅವರ ಕೈಯಲ್ಲಿ. ಇದು ಮಾರಾಟವೋ, ಬಾಡಿಗೆಯೋ? ಬಾಡಿಗೆ ಅಂತಾದರೆ ಹಾಗೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲಿ. ಕೊಳ್ಳುವವರಿಗೆ ನನ್ನ ಕಿವಿಮಾತು: ಇಂಟರ್ನೆಟ್ಟು ತೆಗೆದರೂ, ಮೊಬೈಲು ಆರಿಸಿದರೂ ಮಣೆ ತಾನಾಗಿ ಒಂದು ಆಟ ಆಡುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಆಡದಿದ್ದರೆ ಬಿಟ್ಟು ಬನ್ನಿ.

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು, ಮತ್ತು ಅದರಲ್ಲಿ ನಾನೂ ಆರೋಪಿ.

ಇಂಥ ಮಣೆಗಳಲ್ಲಿ ಸುಳಿವಿನ ದೀಪ ಅಂತ ಒಂದು ಸೌಕರ್ಯ ಇರುತ್ತದೆ. ಕಾಯಿ ಮುಟ್ಟಿದ ಕೂಡಲೇ ಅದು ಹೋಗಬಹುದಾದ ಮನೆಗಳೆಲ್ಲ ಬೆಳಗುತ್ತವೆ. ಒಳ್ಳೆಯ ನಡೆಗೆ ಒಂದು ಬಣ್ಣ, ಕೆಟ್ಟ ನಡೆಗೆ ಇನ್ನೊಂದು. ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ಮೊದಲು ಅವನು ಯಂತ್ರದ ಮಟ್ಟವನ್ನು ತುದಿಗೇರಿಸಿ ಆಡಿದ, ಸಾಲಾಗಿ ಹನ್ನೊಂದು ಆಟ ಸೋತ, ಕಾಯಿಗಳನ್ನು ಸೋಫಾದ ಅಡಿಗೆ ಎಸೆದ. ಮಗು ಅಳಬಾರದು ಅಂತ ನಾನೇ, ಈ ಕೈಯಿಂದಲೇ, ಸುಳಿವಿನ ದೀಪ ಹಾಕಿಕೊಟ್ಟೆ. ಆಮೇಲೆ ಅವನು ಗೆಲ್ಲತೊಡಗಿದ. ಒಂದೊಂದೇ ಕಾಯಿ ಮುಟ್ಟಿ ನೋಡುವುದು, ಹಸಿರು ಬಂದ ಕಡೆ ಇಡುವುದು. ಯಂತ್ರ ಯಂತ್ರವನ್ನೇ ಸೋಲಿಸುತ್ತಿತ್ತು, ಇವನು ನಡುವೆ ಕೈಯಾಳು. ಆದರೆ ಮನೆಯವರೆಲ್ಲ ಖುಷಿಪಟ್ಟೆವು. ಅಜ್ಜನ ಜೊತೆ ಆಡಲು ಕರೆದರೆ “ಅಜ್ಜ, ನೀವು ತುಂಬಾ ಸ್ಲೋ” ಅನ್ನುವಷ್ಟು ದೊಡ್ಡವನಾದ.

ಅವನನ್ನು ಒಂದು ಮಕ್ಕಳ ಪಂದ್ಯಾವಳಿಗೆ ಸೇರಿಸಿದೆವು. ಮೊದಲ ಸುತ್ತಿನಲ್ಲಿ ಎದುರಾಳಿ ಅವನಿಗಿಂತ ಸಣ್ಣ ಹುಡುಗಿ. ಏಳನೆಯದೋ ಎಂಟನೆಯದೋ ನಡೆಗೆ ಇವನು ಮಂತ್ರಿಯನ್ನು ಮುಟ್ಟಿದ. ಮುಟ್ಟಿ ಹಾಗೇ ಮಣೆಯನ್ನು ನೋಡುತ್ತಾ ಕೂತ. ಕೈ ತೆಗೆದು ಕುದುರೆ ಮುಟ್ಟಿದ. ಹುಡುಗಿ ಕೈಯೆತ್ತಿದಳು. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದು ನಿಯಮ. ತೀರ್ಪುಗಾರರು ಬಂದು ಮಂತ್ರಿಯನ್ನೇ ನಡೆಸು ಎಂದರು. ಅದು ಎಲ್ಲಿಟ್ಟರೂ ಸಾಯುವ ಜಾಗದಲ್ಲಿತ್ತು. ಐದು ಸುತ್ತಿನಲ್ಲಿ ಐದೂ ಸೋತು ಬಂದ. ಕಾರಿನಲ್ಲಿ ನನ್ನ ತೋಳಿಗೆ ಮುಖ ಒತ್ತಿಕೊಂಡು ಅವನು ಹೇಳಿದ್ದು ಒಂದೇ ಮಾತು: “ಅಜ್ಜ, ಲೈಟೇ ಬರ್ಲಿಲ್ಲ.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಗು ಸೋತದ್ದಕ್ಕಲ್ಲ, ಸೋಲು ಚೆಸ್ಸಿನಲ್ಲಿ ದಿನನಿತ್ಯದ್ದು. ಒಂದು ಮಗುವಿಗೆ ಯೋಚಿಸುವ ಮೊದಲೇ ಉತ್ತರ ಕೊಟ್ಟು ಕೊಟ್ಟು, ಉತ್ತರ ಬಾರದ ಜಾಗದಲ್ಲಿ ಅದನ್ನು ಒಂಟಿ ಬಿಟ್ಟದ್ದು ನಾನು. ಕಂಪನಿ ಸ್ವಿಚ್ಚು ಇಟ್ಟಿತ್ತು, ಒತ್ತಿದವನು ಅಜ್ಜ. ಚಾಂಪಿಯನ್ ಗುಕೇಶನನ್ನು ಅವನ ತರಬೇತುದಾರ ವಿಷ್ಣು ಪ್ರಸನ್ನ ಗ್ರ್ಯಾಂಡ್‌ಮಾಸ್ಟರ್ ಆಗುವ ತನಕ ಎಂಜಿನ್ನಿನ ಹತ್ತಿರ ಬಿಡದೆ ಬೆಳೆಸಿದರು ಎಂಬುದು ಪತ್ರಿಕೆಗಳಲ್ಲೆಲ್ಲ ಬಂದ ಸಂಗತಿ. 2019ರಲ್ಲಿ ಅವನು ಗ್ರ್ಯಾಂಡ್‌ಮಾಸ್ಟರ್ ಆದಾಗ ವಯಸ್ಸು ಹನ್ನೆರಡು ಅಷ್ಟೇ. ಅದನ್ನು ಓದಿಯೂ ನನಗೆ ಬುದ್ಧಿ ಬರಲಿಲ್ಲ ನೋಡಿ.

ಹಾಗಾದರೆ ಯಂತ್ರವನ್ನು ಅಟ್ಟಕ್ಕೆ ಹಾಕಬೇಕೇ? ಭಾಷಣಕಾರರು ಹೌದು ಅಂದಾರು. ನಾನು ಒಪ್ಪುವುದಿಲ್ಲ. ಇಲ್ಲಿ ನನ್ನ ಬ್ಯಾಂಕಿನ ಕಸುಬು ಸಹಾಯಕ್ಕೆ ಬಂತು. 1983ರಲ್ಲೇ ಬ್ಯಾಂಕಿಗೆ ಯಂತ್ರ ತರುವ ಒಪ್ಪಂದ ನೌಕರರ ಸಂಘಗಳ ಜೊತೆ ಆಗಿತ್ತು, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಕಂಪ್ಯೂಟರ್ ಬೇಡ ಎಂದು ಗೇಟಿನ ಮುಂದೆ ಕೂಗಿದವರಲ್ಲಿ ನಾನೂ ಇದ್ದೆ. ಯಂತ್ರ ಬಂತು, ಲೆಡ್ಜರು ಹೋಯಿತು. ಆದರೆ ಒಂದು ನಿಯಮ ಮಾತ್ರ ಹೋಗಲಿಲ್ಲ: ಬರೆಯುವವನು ಒಬ್ಬ, ಪರಿಶೀಲಿಸಿ ಸಹಿ ಹಾಕುವವನು ಇನ್ನೊಬ್ಬ. ಮೇಕರ್, ಚೆಕರ್ ಎನ್ನುತ್ತೇವೆ. ಇಬ್ಬರೂ ಒಬ್ಬನೇ ಆದ ದಿನ ಶಾಖೆಯಲ್ಲಿ ಮೋಸ ಶುರು. ಸುಳಿವಿನ ದೀಪ ಮಾಡಿದ್ದು ಅದನ್ನೇ. ಬರೆಯುವುದೂ ಯಂತ್ರ, ಸಹಿಯೂ ಯಂತ್ರದ್ದೇ. ಮಗು ಬರೇ ರಬ್ಬರ್ ಸ್ಟಾಂಪು.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಕಾನೂನು ಬದಲಾಗಿದೆ. ಸುಳಿವಿನ ದೀಪ ಖಾಯಂ ಬಂದ್. ಮಟ್ಟ ಎಷ್ಟಿರಬೇಕೆಂದರೆ ಮೂರು ಆಟದಲ್ಲಿ ಒಂದು ಗೆಲ್ಲುವಷ್ಟು, ಅದಕ್ಕಿಂತ ಮೇಲಲ್ಲ, ಕೆಳಗೂ ಅಲ್ಲ. ಪ್ರತಿ ನಡೆಯನ್ನೂ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಬೇಕು, ನಡೆಸಿದ ಮೇಲೆ ಬರೆಯಬೇಕು, ಪಂದ್ಯದಲ್ಲಿ ಇರುವ ಹಾಗೆ. ಮುಟ್ಟಿದ ಕಾಯಿ ನಡೆಸಲೇಬೇಕು, ಯಂತ್ರ ಬಿಟ್ಟರೂ ಅಜ್ಜ ಬಿಡುವುದಿಲ್ಲ. ಆಟ ಮುಗಿದ ಮೇಲೆ, ಎಲ್ಲಿ ಎಡವಿದೆ ಎಂದು ಮೊದಲು ತಾನೇ ಹುಡುಕಿ ಒಂದು ನಡೆಗೆ ಗೀಟು ಹಾಕಬೇಕು. ಆಮೇಲೆ ಮಾತ್ರ ಯಂತ್ರವನ್ನು ಕೇಳಬಹುದು. ಗೀಟು ಹಾಕಿದ ಜಾಗವೂ ಯಂತ್ರ ತೋರಿಸಿದ ಜಾಗವೂ ಒಂದೇ ಆದರೆ, ಸೋತಿದ್ದರೂ ಐದು ರೂಪಾಯಿ ಇನಾಮು. ನಾನು ಒಬ್ಬನೇ ಆಡುವಾಗಲೂ ಇದೇ ಕಾನೂನು, ಇನಾಮು ಒಂದು ಇಲ್ಲ. ಮೊದಲ ತಿಂಗಳು ಮೊಮ್ಮಗ ಸಿಟ್ಟು ಮಾಡಿಕೊಂಡ. “ಮಾವ, ಇಷ್ಟು ಸ್ಟ್ರಿಕ್ಟ್ ಬೇಕಾ?” ಎಂದು ಸೊಸೆಯೂ ಕೇಳಿದಳು. ಬೇಕು ಎಂದೆ. ಈಗ ಗೀಟು ಮೂರರಲ್ಲಿ ಎರಡು ಸಲ ಸರಿ ಬೀಳುತ್ತದೆ.

ಈ ಪುಸ್ತಕದಿಂದ ಇನ್ನೊಂದು ಲಾಭ ಆಯಿತು. ಕಾಯಿಗಳ ಹೆಸರನ್ನು ಕನ್ನಡದಲ್ಲಿ ಬರೆಸುತ್ತೇನೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯಾಳ, ಕನ್ನಡ ಅವನ ಕೈಗೆ ಬಂದದ್ದು ಆನೆ, ಒಂಟೆ, ಕುದುರೆಗಳ ಬೆನ್ನೇರಿ. ಅದರಲ್ಲೂ ಒಂದು ತಮಾಷೆ ಇದೆ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ, ಎಲ್ಲರೂ ‘ಮಾಷ್’ ಎನ್ನುತ್ತಾರೆ. ಭಾನುವಾರ ಮಧ್ಯಾಹ್ನ ಅವರು ಆಡಲು ಬರುತ್ತಾರೆ. ಮೊದಲ ದಿನ ನಾನು “ಆನೆ ಜಾಗ್ರತೆ” ಅಂದೆ, ಅವರು ತಮ್ಮ ಒಂಟೆಯನ್ನು ಕಾಪಾಡಿಕೊಂಡರು. ನಾನು ಮೂಲೆಯ ಕಾಯಿ ಹೊಡೆದೆ. “ಸಾರೇ, ಅದು ತೇರ್, ಇದು ಆನ” ಎಂದು ಗಲಾಟೆ. ಮಲಯಾಳದಲ್ಲಿ ಮೂಲೆಯ ಕಾಯಿ ತೇರು, ನಮ್ಮ ಒಂಟೆಯೇ ಅವರ ಆನೆ! ಚತುರಂಗ ಬಲದಲ್ಲಿ ರಥ ಇತ್ತಲ್ಲ, ಅದನ್ನು ಅವರು ಉಳಿಸಿಕೊಂಡಿದ್ದಾರೆ. ಮಾಷ್‌ಗೆ ನಾನು ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ 12ನೇ ಶತಮಾನದಲ್ಲೇ ಚತುರಂಗದ ವಿವರ ಇದೆ ಎಂದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಒಗಟುಗಳನ್ನು ರಚಿಸಿದ್ದನ್ನೂ ಹೇಳಿದೆ. ಅವರು ಬಿಡಲಿಲ್ಲ. ತ್ರಿಶ್ಶೂರಿನ ಹತ್ತಿರದ ಮರೋಟ್ಟಿಚಾಲ್ ಎಂಬ ಹಳ್ಳಿಯ ಕಥೆ ಹೇಳಿದರು. ಅಲ್ಲಿ ಸಿ. ಉಣ್ಣಿಕೃಷ್ಣನ್ ಎಂಬವರು ತಮ್ಮ ಚಹಾದಂಗಡಿಯಲ್ಲಿ ಜನರಿಗೆ ಚೆಸ್ ಕಲಿಸಿ, ಕುಡಿತದಲ್ಲಿ ಮುಳುಗಿದ್ದ ಊರನ್ನೇ ಎತ್ತಿದರು. ಜೊತೆಗೆ ತಿರುವನಂತಪುರದ ಎಸ್.ಎಲ್. ನಾರಾಯಣನ್, ತ್ರಿಶ್ಶೂರಿನ ನಿಹಾಲ್ ಸರಿನ್ ಇಬ್ಬರನ್ನೂ ನನ್ನ ಮುಂದೆ ನಿಲ್ಲಿಸಿದರು. ನಾನು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜಕುಮಾರರನ್ನು ನಿಲ್ಲಿಸಿದೆ. ಕೇರಳಕ್ಕೆ ಮೊದಲನೆಯವರು ಜಿ.ಎನ್. ಗೋಪಾಲ್, 2007ರಲ್ಲೇ. ಹತ್ತು ವರ್ಷ ನಾವು ಹಿಂದೆ. ಆ ದಿನ ನಾನು ಎರಡು ಸಲ ಸೋತ ಹಾಗಾಯಿತು.

ಭಾನುವಾರ ಆ ಆಟಕ್ಕೆ ಮಣೆಯ ವಿದ್ಯುತ್ತು ಆರಿಸುತ್ತೇವೆ. ಒಂದು ಕಾರಣ, ಅದಕ್ಕೆ ಮಾಷ್‌ರ ನಿಯಮ ಒಪ್ಪಿಗೆಯಿಲ್ಲ. ಅವರಿಗೂ ನನ್ನ ಅಪ್ಪನಿಗೂ ಹಳೇ ನಾಡ ನಿಯಮವೇ ಸರಿ: ಕಾಲಾಳಿಗೆ ಮೊದಲೂ ಒಂದೇ ಮನೆ, ರಾಜನಿಗೆ ಒಂದು ಸಲ ಕುದುರೆಯ ಹಾಗೆ ಹಾರುವ ಅಧಿಕಾರ. ರಾಜ ಹಾರಿದರೆ ಯಂತ್ರ ಕಿರುಚಿಕೊಳ್ಳುತ್ತದೆ. ಇನ್ನೊಂದು ಕಾರಣ, ಮಾಷ್ ಆಡುವುದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಮೊಮ್ಮಗ ನಡುವೆ ಕೂತು ಎರಡು ಭಾಷೆಯ ಜಗಳಕ್ಕೆ ದುಭಾಷಿಯಾಗುತ್ತಾನೆ.

ಅಂಬಲಮುಗಳ್ ಮರೋಟ್ಟಿಚಾಲ್ ಆಗಿದ್ದರೆ, ಪ್ರತಿ ಮಧ್ಯಾಹ್ನ ಚಹಾದಂಗಡಿಯಲ್ಲಿ ನನಗೊಬ್ಬ ಎದುರಾಳಿ ಸಿಗುತ್ತಿದ್ದರೆ, ನನಗೆ ಈ ಯಂತ್ರ ಬೇಕಿರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಮಕ್ಕಳ ಕೆಲಸದ ಹಿಂದೆ ಊರು ಬಿಟ್ಟು ಬಂದ ನಮ್ಮಂಥವರಿಗೆ ವಾರದಲ್ಲಿ ಭಾನುವಾರ ಒಂದೇ. ಉಳಿದ ಆರು ದಿನ ನಾವು ಟಿ.ವಿ. ಧಾರಾವಾಹಿ ನೋಡುತ್ತಾ ಕೂತರೆ ಯಾವ ಭಾಷಣಕಾರರಿಗೂ ದುಃಖವಾಗುವುದಿಲ್ಲ. ಮಣೆ ಹಾಕಿ ತಲೆ ಓಡಿಸಿದರೆ ಮಾತ್ರ ನಾವು ಮನುಷ್ಯರನ್ನು ಕಳಕೊಂಡವರು! ಇದೆಂಥ ನ್ಯಾಯ?

ಭಾಷಣಕಾರರ ಮೇಲೆ ನನಗೆ ಹಗೆಯಿಲ್ಲ. ಮುಂದಿನ ಸಲ ಎರ್ನಾಕುಳಕ್ಕೆ ಬಂದಾಗ ಇಲ್ಲಿಗೂ ಬನ್ನಿ. ತ್ರಿಪ್ಪುಣಿತ್ತುರದ ತನಕ ಈಗ ಮೆಟ್ರೋ ಇದೆ, ಅಲ್ಲಿಂದ ಆಟೋ. ನಾಲ್ಕು ಗಂಟೆಯ ಮೇಲೆ ಬಂದರೆ ಮೊಮ್ಮಗನೂ ಇರುತ್ತಾನೆ. ಕಾಫಿ ಕೊಟ್ಟು ಮಣೆ ಹಾಕುತ್ತೇನೆ, ಬಿಳಿ ಕಾಯಿ ನಿಮಗೇ. ಒಂದೇ ಕರಾರು, ಮುಟ್ಟಿದರೆ ನಡೆಸಬೇಕು.